ಐವತ್ತೊಂಬತ್ತು ಸಂವತ್ಸರಗಳು

ನಮ್ಮ ಸೋದರತ್ತೆಯ ಬಲ ಅಂಗೈಯಲ್ಲಿ ರೇಖೆಗಳೇ ಇರಲಿಲ್ಲ. ಅಡ್ಡಕ್ಕೆ ನುಣುಪಾದ ಒಂದು ಬಿಳಿ ಪಟ್ಟೆ, ಅಷ್ಟೆ. ಆ ಕೈಯ ಬೆರಳುಗಳು ಪೂರ್ತಿ ಮಡಚುತ್ತಲೂ ಇರಲಿಲ್ಲ. ಮುದ್ದೆ ಕಟ್ಟುವುದನ್ನು ಅಮ್ಮನಿಗೇ ಬಿಟ್ಟಿದ್ದಳು. ಗಂಡ ತೀರಿಕೊಂಡ ಮೇಲೆ ತಾಯಲೂರಿನ ನಮ್ಮ ಮನೆಯಲ್ಲೇ ಉಳಿದವಳು ಅವಳು.

ಇಸವಿ ಹೇಳುವುದರಲ್ಲಿ ನಮ್ಮ ಮನೆಯೇ ಒಂದು ಸಂತೆ. ಅಪ್ಪ ‘ಅರವತ್ತೆಂಟನೇ ಇಸವಿ’ ಎಂದರೆ, ಮೇಷ್ಟರಾಗಿದ್ದ ದೊಡ್ಡಪ್ಪ ‘ಸಾವಿರದ ಒಂಬೈನೂರ ಅರವತ್ತೆಂಟು’ ಎಂದು ಪೂರ್ತಿ ಹೇಳದೆ ಬಿಡುತ್ತಿರಲಿಲ್ಲ. ಆಂಧ್ರದ ಗಡಿಯಿಂದ ಬಂದ ಅಮ್ಮನಿಗೆ ಅದು ‘ಅರವೈ ಎನಿಮಿದಿ’. ನರಸಾಪುರದ ಕಂಪನಿಗೆ ಹೋಗುವ ತಮ್ಮನ ಬಾಯಲ್ಲಿ ‘ಟ್ವೆಂಟಿ ಟ್ವೆಲ್ವ್’ ಬಿಟ್ಟರೆ ಬೇರೆ ಮಾತಿಲ್ಲ.

“ಅಂಕಿಗೆ ಮುಖ ಎಲ್ಲಿರ್ತದೆ? ವರ್ಷಕ್ಕೊಂದು ಹೆಸರಿರಬೇಕು ಕಣೇ,” ಎಂದು ಅತ್ತೆ ನಗುತ್ತಿದ್ದಳು. “ನೀನು ಹುಟ್ಟಿದ್ದು ಪ್ರಮೋದೂತದಲ್ಲಿ.”

ಅವರೆಕಾಯಿ ಸುಲಿಯುತ್ತಾ ನನಗೆ ಸಂವತ್ಸರಗಳ ಹೆಸರನ್ನು ಹಾಡಿನಂತೆ ಕಲಿಸಿದವಳು ಅವಳೇ. ಇರಬೇಕಾದದ್ದು ಅರವತ್ತು, ಎಣಿಸಿದರೆ ಐವತ್ತೊಂಬತ್ತು. ಒಮ್ಮೆ ದೊಡ್ಡಪ್ಪನ ಮುಂದೆ ಜಂಬದಿಂದ ಒಪ್ಪಿಸಿದೆ.

“ಕ್ರೋಧಿ ಆದ್ಮೇಲೆ ಪರಾಭವ ಹೆಂಗಮ್ಮಾ? ನಡುವೆ ವಿಶ್ವಾವಸು ಎಲ್ಲೋಯ್ತು?” ಎಂದವರು ಅತ್ತೆಯ ಕಡೆ ನೋಡಿ, ಎದ್ದು ಹೊರಗೆ ಹೋದರು. ಅತ್ತೆ ತಲೆ ಎತ್ತಲಿಲ್ಲ.

ಆಮೇಲೆ ಅಮ್ಮ ಹೇಳಿದಳು. ಆ ವಿಶ್ವಾವಸುವಿನಲ್ಲಿ ಅತ್ತೆ ಇನ್ನೂ ಹುಡುಗಿ. ಬಿಂದಿಗೆ ನಮ್ಮ ಹಿತ್ತಲ ಬಾವಿಗೆ ಬಿತ್ತು. ತೆಗೆಯಲು ಅವಳ ತಮ್ಮ, ನಾನು ಕಾಣದ ನನ್ನ ಚಿಕ್ಕಪ್ಪ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಕಲ್ಲಿನಿಂದ ಅವನ ಕಾಲು ಜಾರಿದಾಗ ಮೇಲೆ ಹಗ್ಗ ಹಿಡಿದಿದ್ದವಳು ಇವಳು. ಅಂಗೈ ಸೀಳಿತು, ಹಗ್ಗ ಕೈತಪ್ಪಿತು, ಅವನು ಮತ್ತೆ ಮೇಲೆ ಬರಲಿಲ್ಲ. ಅಂದಿನಿಂದ ಅವಳು ಆ ವರ್ಷದ ಹೆಸರೆತ್ತಲಿಲ್ಲ.

ಆದರೆ ಅರವತ್ತು ವರ್ಷಕ್ಕೆ ಹೆಸರು ಸುತ್ತಿ ಬರುತ್ತದಲ್ಲ. ಹಾಗೆ ಸುತ್ತಿ ಬಂದ ಯುಗಾದಿಯಂದು ದೇವಸ್ಥಾನದಲ್ಲಿ ಪಂಚಾಂಗ ಓದುವ ಐನೋರು ಗಟ್ಟಿಯಾಗಿ ‘ವಿಶ್ವಾವಸು ನಾಮ ಸಂವತ್ಸರ’ ಎಂದರು. ಅತ್ತೆ ನನ್ನ ತೋಳು ಹಿಡಿದುಕೊಂಡಳು.

“ವಾಡು ವಸ್ತಾಡೇ,” ಎಂದಳು, ತಮ್ಮನ ಮಾತು ಬಂದರೆ ತೆಲುಗಿಗೆ ಹೊರಳುವವಳು. “ವರ್ಷ ಬಂತಲ್ಲ, ಅವನೂ ಬರ್ತಾನೆ. ಯಾಕಕ್ಕಾ ಬಿಟ್ಟೆ ಅಂದ್ರೆ ಏನು ಹೇಳ್ಲೇ?”

ಆ ಹೊತ್ತಿನಲ್ಲಿ ನಾನೂ ನಂಬಿದೆ, ಸುಳ್ಳೇಕೆ ಹೇಳಲಿ. ಮನೆಗೆ ಬಂದವಳೇ ಅತ್ತೆ ಬೇವು-ಬೆಲ್ಲದ ಒಂದು ಬಟ್ಟಲನ್ನು ಬಾವಿಕಟ್ಟೆಯ ಮೇಲಿಟ್ಟಳು. ನೀರು ಬತ್ತಿ, ಚಪ್ಪಡಿ ಮುಚ್ಚಿ ಎಷ್ಟೋ ಕಾಲವಾಗಿದ್ದ ಬಾವಿ ಅದು. ಆ ವರ್ಷವಿಡೀ ಸಂಜೆಗೆ ಅಲ್ಲೇ ಕೂರುತ್ತಿದ್ದಳು. ಹೆದರಿಕೆಗೋ ಆಸೆಗೋ, ನಾನು ಕೇಳಲಿಲ್ಲ.

ಸಂಕ್ರಾಂತಿ ಕಳೆಯುವಷ್ಟರಲ್ಲಿ ಹಾಸಿಗೆ ಹಿಡಿದಳು.

“ಇನ್ನೂ ಅದೇ ವರ್ಷಾನೇನೇ?”

“ಹೂಂ ಅತ್ತೆ. ಯುಗಾದಿ ಇನ್ನೂ ದೂರ ಇದೆ.”

“ಹಂಗಾದ್ರೆ ಬಾಗಿಲು ಹಾಕ್ಬೇಡ.”

ಹಾಕಲಿಲ್ಲ. ಮಾರನೆಯ ಬೆಳಗ್ಗೆ ಅವಳು ಹೋಗಿದ್ದಳು.

ಸ್ನಾನ ಮಾಡಿಸಲು ಬಂದ ಹೆಂಗಸರು ಗಾಬರಿಯಿಂದ ನನ್ನನ್ನು ಕರೆದರು. ಅರವತ್ತು ವರ್ಷ ಪೂರ್ತಿ ಮಡಚದಿದ್ದ ಆ ಬಲಗೈ ಮುಷ್ಟಿ ಕಟ್ಟಿತ್ತು. ಇಬ್ಬರು ಸೇರಿ ಎಳೆದರೂ ಬಿಡಿಸಲು ಆಗುತ್ತಿರಲಿಲ್ಲ.

“ಎಳೀಬೇಡಿ,” ಎಂದೆ. “ಹಿಡ್ಕೊಂಡಿರಲಿ.”