ಹನ್ನೊಂದು ಶಿಲ್ಲಿಂಗುಗಳ ಸಾಲು

ನನ್ನಿಂದ ಡಿಗ್ರಿ ಆಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಸಿಟ್ಟಿನಿಂದ ಹೇಳಿದ್ದಲ್ಲ. ಪುಣೆಯ ಪಕ್ಕದ ಕಾರ್ಖಾನೆ ಪ್ರದೇಶ ಭೋಸರಿಯಲ್ಲಿ, ನಾವಿದ್ದ ಒಂದೇ ಕೋಣೆಯ ಖೋಲಿಯಲ್ಲಿ ಸ್ಟೋವಿನ ಮುಂದೆ ಕೂತು ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆಯೇ ಹೇಳಿದ.

"ಭೋಸರಿಯೊಳಗ ಎರಡ ನಮೂನಿ ಮಂದಿ. ಮಷಿನ್ ಮುಂದ ನಿಂದ್ರಾವ್ರು, ಸಹಿ ಮಾಡಾವ್ರು. ನಮ್ಮ ಮನಿತನ ನಿಂದ್ರಾವ್ರದು. ನಿನ್ನಿಂದ ಆಗಂಗಿಲ್ಲೋ."

ಹಾಗೆ ಹೇಳುವಾಗಲೂ ಅವನ ಬಲಗೈ ರೊಟ್ಟಿ ತಿರುವುತ್ತಿತ್ತು. ಆ ಕೈಯ ನಡುವಿನ ಎರಡು ಬೆರಳುಗಳಿಗೆ ತುದಿ ಇರಲಿಲ್ಲ. ನಾನು ಪುಣೆಗೆ ಬರುವ ಮೊದಲೇ ಅವು ಲೋಹ ಒತ್ತುವ ಪ್ರೆಸ್ಸಿನ ಅಡಿ ಸಿಕ್ಕಿದ್ದವು. ಆ ದಿನ ಊರಿನಿಂದ ನನ್ನವ್ವನಿಗೆ ಮೈಯಲ್ಲಿ ಹುಷಾರಿಲ್ಲ ಎಂಬ ಕಾಗದ ಬಂದಿತ್ತಂತೆ, ಅದನ್ನೇ ಯೋಚಿಸುತ್ತ ಕೈ ಹಿಂದಕ್ಕೆಳೆಯಲು ತಡಮಾಡಿದನಂತೆ. "ಪ್ರೆಸ್ ಮುಂದ ನಿಂತಾಂವನ ತಲಿಯೊಳಗ ಬ್ಯಾರೆ ಏನೂ ಇರಬಾರದು" ಎನ್ನುವುದು ಅವನ ಪಾಠ. ಪುಸ್ತಕದ ಮೇಲೆ ಅವನಿಗೆ ದ್ವೇಷವೇನೂ ಇರಲಿಲ್ಲ. ನನ್ನ ಬೆರಳುಗಳ ಭಯ ಇತ್ತು.

ತೊಂಬತ್ತರ ದಶಕದ ಆರಂಭದಲ್ಲಿ, ಹತ್ತನೆಯ ತರಗತಿ ಪಾಸಾಗಿ ಬೆಳಗಾವಿ ಕಡೆಯ ಊರಿನಿಂದ ಬಂದ ನನ್ನನ್ನು ಅವನೇ ತನ್ನ ವರ್ಕ್‌ಶಾಪಿಗೆ ಸೇರಿಸಿದ್ದ. ಅಲ್ಲಿ ಹಿತ್ತಾಳೆಯ ಬಿಲ್ಲೆಗಳನ್ನು ಒತ್ತುತ್ತಿದ್ದೆವು. ಕಾರ್ಖಾನೆಗಳಲ್ಲಿ ಹಾಜರಿಗೆ ಕೊಡುವ ನಂಬರಿನ ಬಿಲ್ಲೆ, ಕಂಪನಿಯ ಗುರುತಿನ ಬ್ಯಾಜು, ಇಂಥವು. ಮಾಮಾ ಸೆಟ್ಟರ್, ಅಂದರೆ ಪ್ರೆಸ್ಸಿಗೆ ಡೈ ಎಂಬ ಉಕ್ಕಿನ ಅಚ್ಚು ಕೂಡಿಸಿ ಮೊದಲ ಪೀಸು ಸರಿ ಬರುವವರೆಗೆ ಹೊಂದಿಸಿಕೊಡುವವನು. ನಾನು ಅವನು ಹೊಂದಿಸಿಕೊಟ್ಟ ಪ್ರೆಸ್ಸಿನ ಮುಂದೆ ನಿಲ್ಲುವವನು.

ಅವನು ಆಗಂಗಿಲ್ಲ ಎಂದ ಮೇಲೂ ನಾನು ಪ್ರವೇಶ ಪರೀಕ್ಷೆ ಬರೆದು ಮುಕ್ತ ವಿಶ್ವವಿದ್ಯಾಲಯದ ಬಿ.ಎ.ಗೆ ಹೆಸರು ಹಚ್ಚಿದೆ. ಮಾಧ್ಯಮ ಮರಾಠಿ. ಮನೆಯಲ್ಲಿ ಕನ್ನಡ, ಕೆಲಸದಲ್ಲಿ ಅರ್ಧ ಹಿಂದಿ. ಮರಾಠಿಯನ್ನು ಬಸ್ಸಿನ ಬೋರ್ಡುಗಳಿಂದ ಕಲಿತವನು ನಾನು. ಎರಡು ಸಲ ಫೇಲಾದೆ. ಇತಿಹಾಸ ಆರಿಸಿಕೊಂಡದ್ದೂ ಪ್ರೀತಿಯಿಂದಲ್ಲ. ಪ್ರಯೋಗಾಲಯ ಬೇಡದ ವಿಷಯ ಎಂದು. ಕೊನೆಯ ವರ್ಷಕ್ಕೆ ಒಂದು ಪ್ರಾಜೆಕ್ಟ್ ಬರೆಯಬೇಕಿತ್ತು. ದಿನವೂ ಬಿಲ್ಲೆ ಒತ್ತುವವನಿಗೆ ನಾಣ್ಯ ಸುಲಭವಾದೀತು ಎಂದು ಆ ವಿಷಯ ಹಿಡಿದೆ.

ನಲವತ್ತು ಪುಟ ಬರೆದು ಕೊಂಡೊಯ್ದೆ. ನಮಗೆ ಮಾರ್ಗದರ್ಶನ ಮಾಡುತ್ತಿದ್ದ ಮ್ಯಾಡಮ್ ಹತ್ತು ಪುಟ ತಿರುವಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈ ಪುಸ್ತಕಗಳನ್ನು ನಾನೂ ಓದಿದ್ದೇನೆ. ಇದರಲ್ಲಿ ನೀವು ನಿಮ್ಮ ಕಣ್ಣಿನಿಂದ ನೋಡಿದ್ದು ಯಾವುದು?"

ಏನೂ ಇರಲಿಲ್ಲ. ನಲವತ್ತೂ ಪುಟ ಗ್ರಂಥಾಲಯದಲ್ಲಿ ಕೂತು ಇಳಿಸಿಕೊಂಡದ್ದು.

ಅದು ನನ್ನ ನೋಂದಣಿಯ ಕೊನೆಯ ವರ್ಷ. ಪ್ರಾಜೆಕ್ಟ್ ಒಪ್ಪಿಗೆಯಾಗದಿದ್ದರೆ ಅಲ್ಲಿಯವರೆಗೆ ಪಾಸಾದ ವಿಷಯಗಳೂ ಹೋದಂತೆ. ಮ್ಯಾಡಮ್ ಎರಡು ವಾರ ಕೊಟ್ಟರು. "ಶನಿವಾರ ಪುಣೆ ಊರೊಳಗೆ ನಾಣ್ಯಗಳ ಪ್ರದರ್ಶನ ಇದೆ. ಹೋಗಿ ನಾಣ್ಯ ಕೈಯಲ್ಲಿ ಹಿಡಿಯಿರಿ. ಏನಾದರೂ ಕಂಡರೆ ಬನ್ನಿ" ಎಂದರು.

ಶನಿವಾರದ ರಜೆಗೆ ಮಾಮಾನನ್ನೇ ಕೇಳಬೇಕಿತ್ತು.

"ರೊಕ್ಕಾ ನೋಡಾಕ ರಜಾ ಬೇಕೇನು? ಪಗಾರದ ದಿನಾ ನೋಡು, ಫುಕಟ ಸಿಗ್ತದ" ಎಂದ. ವರ್ಕ್‌ಶಾಪಿನಲ್ಲಿದ್ದವರೆಲ್ಲ ನಕ್ಕರು. ಆದರೂ ಶನಿವಾರದ ಮಟ್ಟಿಗೆ ನನ್ನ ಪ್ರೆಸ್ಸಿಗೆ ಬೇರೆಯವನನ್ನು ಹಾಕಿದ.

ಪ್ರದರ್ಶನ ನಡೆದದ್ದು ಒಂದು ಮಂಗಲ ಕಾರ್ಯಾಲಯದಲ್ಲಿ. ಹಿಂದಿನ ದಿನ ಮದುವೆ ಇದ್ದಿರಬೇಕು, ಕಂಬಗಳಿಗೆ ಚೆಂಡುಹೂವಿನ ಮಾಲೆ ಹಾಗೇ ಇತ್ತು. ವಧೂವರರು ಕೂಡುವ ವೇದಿಕೆಯ ಮೇಲೆ ಹಳೆಯ ನೋಟುಗಳ ಗಾಜಿನ ಪೆಟ್ಟಿಗೆ ಇಟ್ಟಿದ್ದರು. ಕೆಳಗೆ ಸಾಲಾಗಿ ಮೇಜುಗಳು. ಮುಂದಿನ ಸಾಲಿನಲ್ಲಿ ಬಂಗಾರದ ಹೊನ್ನು, ಸುಲ್ತಾನರ ನಾಣ್ಯ. ಅಲ್ಲಿ ಕೈ ಚಾಚಿದ ಕೂಡಲೇ ತಗೊಳ್ಳುವುದಿದೆಯೇ ಎಂದು ಕೇಳುತ್ತಿದ್ದರು. ನನ್ನ ಉಗುರಿನ ಸಂದಿಯ ಕರಿ ಎಣ್ಣೆ ನೋಡಿ ಒಬ್ಬ ಗಾಜು ಸರಿಸಿ ಮುಚ್ಚಿಯೇಬಿಟ್ಟ. ಒಂದು ಸುತ್ತು ಮುಗಿಸಿದಾಗ ಒಂದು ನಾಣ್ಯವನ್ನೂ ಮುಟ್ಟಿರಲಿಲ್ಲ.

ಹೊರದೇಶದ ನಾಣ್ಯ ಮಾರುವವರು ಕೊನೆಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕದಲ್ಲಿದ್ದರು. ಎರಡೇ ಮೇಜು. ಒಂದಕ್ಕೆ ಮುಂಬಯಿಯ ವ್ಯಾಪಾರಿ, ಬೂದು ಸಫಾರಿ ಹಾಕಿದವರು. ಇನ್ನೊಂದಕ್ಕೆ ಧೋತರ, ಕರಿ ಟೋಪಿಯ ಮುದುಕರು. ಮುದುಕರ ಮುಂದೆ ಸ್ಟೀಲಿನ ಪರಾತದಲ್ಲಿ ಯಾವ ಯಾವುದೋ ದೇಶದ ನಾಣ್ಯಗಳನ್ನು ಕಾಳಿನ ಹಾಗೆ ಸುರಿದಿದ್ದರು. ಯಾರು ಬೇಕಾದರೂ ಕೈ ಹಾಕಬಹುದಿತ್ತು. ಒಂದನ್ನು ತೆಗೆದೆ. ಅಭ್ಯಾಸಬಲದಿಂದ ಹೆಬ್ಬೆರಳನ್ನು ಅಂಚಿನ ಸುತ್ತ ಸವರಿದೆ. ಪ್ರೆಸ್ಸಿನಿಂದ ಬಂದ ಪೀಸಿಗೆ ಅಂಚಿನಲ್ಲಿ ಚೂಪಾದ ಜುಂಗು ಉಳಿಯುತ್ತದೆ, ಅದನ್ನು ನಾವು ಬರ್ ಎನ್ನುತ್ತೇವೆ.

"ಬರ್ ಇಲ್ಲ" ಎಂದು ನನ್ನಷ್ಟಕ್ಕೆ ಅಂದುಕೊಂಡದ್ದು ಬಾಯಿಂದ ಹೊರಬಂತು.

ಮುದುಕರು ತಲೆ ಎತ್ತಿದರು. "ಕನ್ನಡದವ್ರೇನ್ರಿ?"

"ಹೌದ್ರಿ. ಬೆಳಗಾವಿ ಕಡೆ."

"ನಂದು ಸೊಲ್ಲಾಪುರ. ಮೂವತ್ತು ವರ್ಷ ಆತು ಈ ಧಂದೆ ಹಿಡದು. ಎಲ್ಲಾರೂ ಮೊದಲ ರಾಜನ ಮಾರಿ ನೋಡ್ತಾರ. ಅಂಚು ಸವರಿದ ಗಿರಾಕಿ ನೀವ ಮೊದಲನೇದವ್ರು. ಏನ್ ಮಾಡ್ತೀರಿ?"

ಹೇಳಿದೆ. ಪಕ್ಕದ ಮುಂಬಯಿಯವರು ಭೋಸರಿ ಎಂಬ ಶಬ್ದ ಕೇಳಿ, ನನ್ನನ್ನು ಕರೆದು ಹಿಂದಿಯಲ್ಲಿ ಮಾತು ಶುರು ಮಾಡಿದರು. ಅವರ ಮೇಜಿನ ಮೇಲೆ ಬೇರೆಯಾಗಿ ಇಟ್ಟ ಒಂದು ಬೆಳ್ಳಿ ಬಣ್ಣದ ನಾಣ್ಯ ಇತ್ತು. ಪೂರ್ವ ಆಫ್ರಿಕಾದ ಶಿಲ್ಲಿಂಗ್, ಒಂದು ಬದಿಗೆ ಸಿಂಹ, ಇನ್ನೊಂದು ಬದಿಗೆ ಇಂಗ್ಲೆಂಡಿನ ರಾಜ. ರಾಜನ ತುಟಿಯಿಂದ ನಾಣ್ಯದ ಅಂಚಿನವರೆಗೆ ಒಂದು ಗೆರೆ ಉಬ್ಬಿ ನಿಂತಿತ್ತು. ಕೆಳಗೆ ಚೀಟಿಯಲ್ಲಿ 'ಬೀಡಿ ರಾಜಾ' ಎಂದು ಬರೆದಿತ್ತು. ಟಂಕಸಾಲೆಯ ಒಬ್ಬ ಕೆಲಸಗಾರ ರಾಜನ ಮೇಲಿನ ಸಿಟ್ಟಿಗೆ ಬಾಯಲ್ಲಿ ಬೀಡಿ ಕೆತ್ತಿ ಓಡಿಹೋದನಂತೆ. ಜಗತ್ತಿನಲ್ಲಿ ಇಂಥದು ಇದೊಂದೇ ಎಂದರು.

ಕೈಗೆ ತೆಗೆದುಕೊಂಡು ಬೆಳಕಿಗೆ ಓರೆ ಹಿಡಿದೆ. ಆ ಗೆರೆಯನ್ನು ನಾನು ಬಲ್ಲೆ. ವಾರಕ್ಕೊಮ್ಮೆಯಾದರೂ ನಮ್ಮ ಬಿಲ್ಲೆಯ ಮೇಲೆ ಅದು ಮೂಡುತ್ತಿತ್ತು. ಕೆತ್ತಿದ್ದಲ್ಲ ಅದು. ಡೈ ಸೀಳಿದರೆ, ಹೊಡೆತಕ್ಕೆ ಲೋಹ ಆ ಸೀಳಿನೊಳಗೆ ತುಂಬಿಕೊಳ್ಳುತ್ತದೆ. ಪೀಸಿನ ಮೇಲೆ ಸೀಳಿನ ಆಕಾರದ ಗೆರೆ ಎದ್ದು ನಿಲ್ಲುತ್ತದೆ.

"ಇದು ಡೈ ಸೀಳಿದ್ದು, ಸೇಠ್" ಎಂದೆ.

ಅವರು ನಕ್ಕರು. "ಮಷಿನ್ ಮೇಲೆ ನಿಲ್ಲುವವನು ನನಗೆ ನಾಣ್ಯ ಕಲಿಸುತ್ತಾನೆ" ಎಂದು ಮುದುಕರ ಕಡೆ ತಿರುಗಿದರು.

ಮುದುಕರು ನಗಲಿಲ್ಲ. ಮೇಜಿನಡಿಯಿಂದ ಹಳೆಯ ಬಿಸ್ಕೀಟಿನ ಡಬ್ಬಿ ತೆಗೆದು ಪರಾತದ ಪಕ್ಕ ಮೇಜಿನ ಮೇಲೆ ಬೋರಲು ಹಾಕಿದರು. ಎಲ್ಲವೂ ಅದೇ ಶಿಲ್ಲಿಂಗು. ಆಫ್ರಿಕಾದಿಂದ ಮರಳಿದ ಒಂದು ಗುಜರಾತಿ ಮನೆಯಿಂದ ಒಟ್ಟಾಗಿ ಕೊಂಡದ್ದಂತೆ. ಮುಂಬಯಿಯವರ ಬೀಡಿ ರಾಜನೂ ಈ ಡಬ್ಬಿಯಿಂದಲೇ ಹೋದದ್ದು.

"ನೀವ ಹೇಳೂದು ಖರೇ ಇದ್ರ ಇದರಾಗ ಇನ್ನೂ ಇರಬೇಕಲ್ಲ? ಒಂದ ಡೈ ಒಂದ ನಾಣ್ಯಾ ಹೊಡದು ಕೂಡಂಗಿಲ್ಲ."

"ಇರಬೇಕ್ರಿ."

"ಹುಡಕ್ರಿ ಮತ್ತ. ಕುರ್ಚಿ ತಗೋರಿ."

ಸುಮಾರು ಎರಡು ತಾಸು ಕೂತೆ. ಮೊದಲ ಅರ್ಧ ತಾಸು ಏನೂ ಸಿಗಲಿಲ್ಲ. ಗಿರಾಕಿಗಳು ಬಂದಾಗ ಮುದುಕರು "ಅವ್ರಿಗೆ ಕೆಲಸಾ ಮಾಡಗೊಡ್ರಿ" ಎಂದು ಮರಾಠಿಯಲ್ಲಿ ಆಚೆ ಸರಿಸುತ್ತಿದ್ದರು. ಆಮೇಲೆ ಒಂದು ಸಿಕ್ಕಿತು, ಗೆರೆ ತುಟಿಯ ಹತ್ತಿರ ಕೂದಲಿನಷ್ಟು. ಮತ್ತೊಂದರಲ್ಲಿ ಅದಕ್ಕಿಂತ ಉದ್ದ. ಬೀಡಿ ರಾಜನನ್ನೂ ಸೇರಿಸಿದರೆ ಹನ್ನೊಂದು. ಗೆರೆ ಗಿಡ್ಡ ಇದ್ದದ್ದನ್ನು ಎಡಕ್ಕೆ, ಅಂಚು ಮುಟ್ಟಿದ್ದನ್ನು ಬಲಕ್ಕೆ ಇಟ್ಟು ಸಾಲು ಮಾಡಿದೆ. ಸೀಳು ಬೆಳೆದ ಹಾಗೆ ನಾಣ್ಯಗಳು ಹುಟ್ಟಿದ ಕ್ರಮ ಅದು. ಎಷ್ಟೋ ವರ್ಷದ ಹಿಂದೆ, ಯಾವುದೋ ದೇಶದಲ್ಲಿ, ಪ್ರೆಸ್ಸಿನ ಮುಂದೆ ನಿಂತ ಒಬ್ಬನ ಒಂದು ದಿನದ ಕೆಲಸ.

ಮುಂಬಯಿಯವರು ಎದ್ದು ಬಂದು ಕೈ ಹಿಂದೆ ಕಟ್ಟಿ ಬಹಳ ಹೊತ್ತು ನೋಡಿದರು. "ಬರೋಬ್ಬರ್ ಹೈ" ಎಂದು ಒಪ್ಪಿಕೊಂಡರು. ಆದರೆ ಕೆಲಸ ಮುಗಿದ ಮೇಲೆ ತಮ್ಮ ನಾಣ್ಯವನ್ನು ಮತ್ತೆ ಅದೇ ಚೀಟಿಯ ಮೇಲೇ ಇಡಲು ಹೇಳಿದರು. ಗಿರಾಕಿಗೆ ಬೀಡಿಯೇ ಬೇಕು ಎಂದರು.

ಮುದುಕರು ಮಾತ್ರ ಕೊನೆಯ ನಾಣ್ಯದ ಮೇಲೆ ಬೆರಳಿಟ್ಟು ಕೇಳಿದರು. "ಇದರ ಮುಂದ ಏನಾಗಿರಬೇಕು?"

"ಡೈ ಒಡದಿರಬೇಕ್ರಿ."

"ಅಲ್ಲಿ ನಿಂತಾಂವಗ ಏನೂ ಆಗಿರಲಿಕ್ಕಿಲ್ಲ ಬಿಡ್ರಿ" ಎಂದು ಅವರೇ ಹೇಳಿಕೊಂಡರು. ನನ್ನ ಕಣ್ಣ ಮುಂದೆ ರೊಟ್ಟಿ ತಿರುವುವ ಕೈ ಇತ್ತು.

ಅವರ ಬಿಲ್ ಬುಕ್ಕಿನ ಹಾಳೆಗಳನ್ನೇ ಕೇಳಿ ತೆಗೆದುಕೊಂಡು, ನಾಣ್ಯಗಳ ಮೇಲೆ ಹಾಸಿ, ಪೆನ್ಸಿಲ್ಲಿನಿಂದ ತಿಕ್ಕಿ ಹನ್ನೊಂದರ ಅಚ್ಚು ಇಳಿಸಿಕೊಂಡೆ. ಏನನ್ನೂ ಕೊಳ್ಳದೆ ಏಳುವುದಕ್ಕೆ ನಾಚಿಕೆಯಾಯಿತು. ಅದನ್ನೇ ಹೇಳಿದೆ. "ನಿಮ್ಮ ಮ್ಯಾಡಮ್ ಏನ್ ಅಂದ್ರು ಅಂತ ಒಂದ ಕಾರ್ಡ್ ಬರೀರಿ, ಸಾಕು" ಎಂದರು ಮುದುಕರು.

ಮರುದಿನ ಭಾನುವಾರ. ಖೋಲಿಯ ನೆಲದ ಮೇಲೆ ಹಾಳೆಗಳನ್ನು ಸಾಲಾಗಿ ಇಟ್ಟು ಬರೆಯಲು ಕೂತಿದ್ದೆ. ಮಾಮಾ ಸ್ನಾನ ಮಾಡಿ ಬಂದವನು ದಾಟಿ ಹೋಗಲು ಕಾಲೆತ್ತಿ, ಹಾಗೇ ನಿಂತ.

"ಡೈ ಸೀಳೇದ."

"ಹೂಂ ಮಾಮಾ."

ಕೆಳಗೆ ಕೂತ. ಒಂದೊಂದೇ ಹಾಳೆಯನ್ನು ಎತ್ತಿ ಕಿಟಕಿಯ ಕಡೆ ಹಿಡಿದ. ನನ್ನ ಪುಸ್ತಕ, ನನ್ನ ಹಾಳೆಗಳನ್ನು ಅವನು ಅಷ್ಟು ವರ್ಷದಲ್ಲಿ ಒಮ್ಮೆಯೂ ಕೈಯಲ್ಲಿ ಹಿಡಿದಿರಲಿಲ್ಲ. ಏಳನೆಯದನ್ನೂ ಎಂಟನೆಯದನ್ನೂ ಅದಲುಬದಲು ಮಾಡಿ ಇಟ್ಟ.

"ಯಾಕ? ಎರಡೂ ಒಂದ ಉದ್ದ ಅದಾವ."

"ಉದ್ದ ಒಂದ ನೋಡೀದಿ ನೀ. ಇಲ್ಲಿ ನೋಡು, ಸಣ್ಣ ಕವಲು ಒಡದದ. ಇದರಾಗ ಕವಲಿಲ್ಲ. ಒಮ್ಮೆ ಕವಲು ಒಡದ ಮ್ಯಾಲೆ ತಿರುಗಿ ಕೂಡತದೇನೋ? ಕವಲಿದ್ದದ್ದ ಆಮ್ಯಾಲಿಂದು. ಇಷ್ಟು ವರ್ಷ ಏನ್ ಕಲಿತೀಪಾ ಪ್ರೆಸ್ ಮ್ಯಾಲೆ?"

ಅವನು ಹೇಳಿದ್ದು ಸರಿಯಿತ್ತು. ಹಾಗೇ ತಿದ್ದಿ ಬರೆದೆ. ಈ ಸಲ ಹದಿನಾರೇ ಪುಟ, ಎಲ್ಲಿಂದಲೂ ಇಳಿಸಿಕೊಂಡದ್ದಲ್ಲ.

ಮೌಖಿಕ ಪರೀಕ್ಷೆಗೆ ಮ್ಯಾಡಮ್ ಜೊತೆ ಹೊರಗಿನ ಒಬ್ಬ ಪ್ರಾಧ್ಯಾಪಕರಿದ್ದರು. ಅವರು ನೇರವಾಗಿ ಏಳು, ಎಂಟಕ್ಕೇ ಬಂದರು. ಕವಲು ಮತ್ತೆ ಮುಚ್ಚುವುದಿಲ್ಲ ಎಂಬುದಕ್ಕೆ ಆಧಾರ ಏನು, ಯಾವ ಗ್ರಂಥ ಎಂದು ಕೇಳಿದರು. ಒಂದು ಪುಸ್ತಕದ ಹೆಸರು ಹೇಳಿಬಿಡಲೇ ಎಂದು ಕ್ಷಣ ಅನಿಸಿದ್ದೂ ನಿಜ.

"ಗ್ರಂಥ ಇಲ್ಲ ಸರ್. ನನ್ನ ಸೋದರಮಾವ ಹೇಳಿದ್ದು. ಇಪ್ಪತ್ತೆರಡು ವರ್ಷದಿಂದ ಡೈ ಕೂಡಿಸುತ್ತಾನೆ."

ಇಬ್ಬರೂ ಪರಸ್ಪರ ಮುಖ ನೋಡಿದರು. ಮ್ಯಾಡಮ್ ತಮ್ಮ ಪೆನ್ನನ್ನು ನನ್ನ ಕಡೆ ಸರಿಸಿದರು. "ಹಾಗಾದರೆ ಅದನ್ನೇ ಬರೆಯಿರಿ, ಪುಟದ ಕೆಳಗೆ. ಆಧಾರ ಅಂದರೆ ಅದೇ." ಅಲ್ಲಿಯೇ ಕೂತು ಮಾಮಾನ ಪೂರ್ತಿ ಹೆಸರು, ಅದರ ಮುಂದೆ 'ಪ್ರೆಸ್ ಸೆಟ್ಟರ್, ಭೋಸರಿ' ಎಂದು ಮರಾಠಿಯಲ್ಲಿ ಬರೆದೆ. ಸೊಲ್ಲಾಪುರಕ್ಕೆ ಕಾರ್ಡು ಅದೇ ಸಂಜೆ ಹಾಕಿದೆ.

ಬಿ.ಎ. ಪ್ರಮಾಣಪತ್ರ ಬಂದದ್ದು ಎಷ್ಟೋ ತಿಂಗಳ ಮೇಲೆ. ಅಧ್ಯಯನ ಕೇಂದ್ರದ ಕಿಟಕಿಯಲ್ಲಿ ಗುಮಾಸ್ತರು ಒಂದು ರಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ಮಡಚಬೇಡಿ ಎಂದು ಹೇಳಿ ಕೈಗಿತ್ತರು. ಸಮಾರಂಭ, ಗೌನು ಏನೂ ಇಲ್ಲ. ನೇರ ವರ್ಕ್‌ಶಾಪಿಗೆ ಹೋದೆ. ಊಟದ ಹೊತ್ತು, ಪ್ರೆಸ್ಸುಗಳು ನಿಂತಿದ್ದವು. ಮಾಮಾ ಹೊರಗೆ ಬಂದು, ಹತ್ತಿಯ ವೇಸ್ಟಿನಿಂದ ಕೈ ಒರೆಸಿಕೊಂಡ. ಸಾಲದೆಂದು ಅಂಗಿಗೂ ಒರೆಸಿಕೊಂಡ. ಆಮೇಲೆ ಹಾಳೆಯನ್ನು ಅಂಚಿನಲ್ಲಿ ಹಿಡಿದ.

"ನಿನ್ನ ಹೆಸರು ಎಲ್ಲಿ ಅದ?"

ತೋರಿಸಿದೆ. ಇಂಗ್ಲಿಷ್ ಅಕ್ಷರ ಅವನಿಗೆ ಬರುತ್ತಿರಲಿಲ್ಲ. ಆದರೂ ನಾನು ತೋರಿಸಿದ ಕಡೆ ಬಹಳ ಹೊತ್ತು ನೋಡಿದ. ಕೆಳಗೆ ಮೂಲೆಯಲ್ಲಿ ವಿಶ್ವವಿದ್ಯಾಲಯದ ಉಬ್ಬು ಮುದ್ರೆ ಇತ್ತು. ಅದರ ಸುತ್ತ ಹೆಬ್ಬೆರಳನ್ನು ಮೆಲ್ಲಗೆ ಒಂದು ಸಲ ಸವರಿದ, ಮತ್ತೆ ಒಂದು ಸಲ.

"ಛಲೋ ಕೂತದ. ಬರ್ ಇಲ್ಲ, ಸೀಳಿಲ್ಲ. ಹೊಸಾ ಡೈ ಅದ," ಎಂದು ಹಾಳೆಯನ್ನು ನನ್ನ ಕಡೆ ಚಾಚಿದ. "ಹಿಡಿ. ನನ್ನ ಕೈದು ಎಣ್ಣಿ ಹತ್ತೀತು. ಊರಿಗೆ ಹೋಗಿ ನಿಮ್ಮವ್ವನ ಕೈಯಾಗ ಕೊಡು, ಆಗಂಗಿಲ್ಲ ಅಂದಾಂವ ಕಳಿಸ್ಯಾನ ಅಂತ ಹೇಳು."