ಹಿಗ್ಗಿದರೆ ಬೀಳುವ ನಾಯಿ

ಸೊರಬದ ಕಡೆಯಿಂದ ಮದುವೆಯಾಗಿ ಶಿಕಾರಿಪುರದ ಹತ್ತಿರದ ಕುರಿಯವರ ಮನೆಗೆ ನಾನು ಬಂದಾಗ, ಅಲ್ಲಿ ನನ್ನನ್ನು ಮೊದಲು ಒಪ್ಪಿಕೊಂಡಿದ್ದು ನಾಯಿ. ಅತ್ತೆ ಒಪ್ಪಲು ಇನ್ನೂ ಒಂದು ವರ್ಷ ಬೇಕಾಯಿತು. ನಾಯಿಗೊಂದು ಹೆಸರಿತ್ತು, ಅದೇ ಹೆಸರಿನ ನೆಂಟರೊಬ್ಬರು ಇನ್ನೂ ಗಟ್ಟಿಮುಟ್ಟಾಗಿರುವುದರಿಂದ ಇಲ್ಲಿ ಬರೆಯುವುದಿಲ್ಲ. ಕುರಿ ಕಾದು ಕಾದು ಅದು ಮುದಿಯಾಗಿತ್ತು. ನನ್ನ ಗಂಡ ಅದನ್ನು ಮಂದೆಯ ಜೊತೆ ಕರೆದೊಯ್ಯುವುದು ಬಿಟ್ಟಿದ್ದರು. ಮನೆ ಮುಂದಿನ ಕಟ್ಟೆಯ ಮೇಲೆ ಬಿದ್ದುಕೊಂಡು, ಮನಸ್ಸು ಬಂದರೆ ಬೊಗಳುತ್ತ ದಿನ ಕಳೆಯುತ್ತಿತ್ತು.

ಮೊದಲ ಸಲ ಅದು ಸತ್ತಿದ್ದು ನನ್ನಿಂದ. ತವರಿಗೆ ಹೋದವಳು ತಿಂಗಳು ಕಳೆದು ಸೊರಬದ ಬಸ್ಸಿನಲ್ಲಿ ಬಂದಿಳಿದೆ. ಮಟಮಟ ಮಧ್ಯಾಹ್ನ. ನಾಯಿ ಓಡಿ ಬಂತು, ಎರಡು ಕಾಲ ಮೇಲೆ ನಿಂತಿತು, ನನ್ನ ಸುತ್ತ ಗಿರಗಿರ ತಿರುಗಿತು, ಹಾಗೇ ಧೊಪ್ಪನೆ ಬಿತ್ತು. ನಾಲಿಗೆ ಹೊರಗೆ ಬಿದ್ದಿತ್ತು, ಕಣ್ಣು ತೆರೆದೇ ಇತ್ತು. ಮಾವ ಪಕ್ಕೆಯ ಮೇಲೆ ಕೈಯಿಟ್ಟು ನೋಡಿದರು.

"ಎದಿ ನಿಂತೈತಿ. ಬಡೀವಲ್ದು," ಎಂದರು.

ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಕುರಿಯವರಲ್ಲಿ ಒಂದು ಪದ್ಧತಿಯಿದೆ. ಹುಟ್ಟಿದ ಮರಿ ಉಸಿರಾಡದಿದ್ದರೆ ಅದರ ಹಿಂಗಾಲು ಹಿಡಿದು ತಲೆಕೆಳಗು ಮಾಡುತ್ತಾರೆ, ಒಣಹುಲ್ಲಿನಿಂದ ಪಕ್ಕೆ ತಿಕ್ಕುತ್ತಾರೆ, ಬಾಯಿ ಮುಚ್ಚಿ ಹಿಡಿದು ಮೂಗಿನ ಹೊಳ್ಳೆಯೊಳಗೆ ಊದುತ್ತಾರೆ. ಈ ಕೆಲಸದಲ್ಲಿ ಅತ್ತೆಯದು ಊರಿಗೇ ಎತ್ತಿದ ಕೈ. ಮರಿಗೆ ಮಾಡುವುದನ್ನೇ ನಾಯಿಗೂ ಮಾಡಲು ಹೊರಟರು.

"ಏನ್ ನೋಡ್ಕೊಂತ ನಿಂತೀಯೇ? ಹಿಂಗಾಲು ಹಿಡಿದು ಎತ್ತು!"

ಹೊಸ ಸೀರೆ ಉಟ್ಟ ನಾನು ಆ ಭಾರದ ಪ್ರಾಣಿಯನ್ನು ಎತ್ತಿ ಹಿಡಿದೆ. ಅತ್ತೆ ಮಂಡಿಯೂರಿ ಊದಿದರು, ತಿಕ್ಕಿದರು, ಬಾಯಿಗೆ ಬಂದಂತೆ ಬೈದರು. ನಾಯಿ ಒಮ್ಮೆ ಕೊಸರಾಡಿ, ನನ್ನ ಸೀರೆಯ ಮೇಲೆ ಉಚ್ಚೆ ಹೊಯ್ದು, ಎದ್ದು ಕಟ್ಟೆಗೆ ಹೋಗಿ ಮಲಗಿತು. ಅಂದಿನಿಂದ ಅತ್ತೆಯನ್ನು ಹಿಡಿಯುವವರೇ ಇಲ್ಲ. ಸತ್ತ ನಾಯಿಯನ್ನು ಎಬ್ಬಿಸಿದವಳನ್ನು ನೋಡಲು ಪಕ್ಕದ ಊರಿನಿಂದಲೂ ಜನ ಬಂದರು.

ಗಂಡ ಬಯಲುಸೀಮೆಯಿಂದ ಮಂದೆ ಹೊಡೆದುಕೊಂಡು ಬಂದ ದಿನ ಮತ್ತೆ ಅದೇ ಕಥೆ. ನಾಯಿ ಕುಣಿಯಿತು, ಬಿತ್ತು, ಅತ್ತೆ ಊದಿದರು, ಎದ್ದಿತು. ಆದರೆ ಆ ಹೊತ್ತಿಗೆ ನಮ್ಮ ಸೊರಬದ ಕಡೆಯ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಜನಕ್ಕೂ ಜ್ವರ ಬರುತ್ತಿದೆ ಎಂಬ ಸುದ್ದಿ ಎಲ್ಲರ ಬಾಯಲ್ಲಿತ್ತು. ಸೊರಬದ ಸೊಸೆಯೇ ರೋಗ ತಂದಿದ್ದಾಳೆ ಎಂದು ಪಕ್ಕದ ಮನೆಯಾಕೆ ಊರಿಗೆಲ್ಲ ಸಾರಿದಳು. ನನಗೆ ಮೈಯೆಲ್ಲ ಉರಿಯಿತು. ಮರುದಿನವೇ ನಾಯಿಯನ್ನು ಗಾಡಿಯಲ್ಲಿ ಹಾಕಿಸಿಕೊಂಡು ಶಿಕಾರಿಪುರದ ದನದ ಡಾಕ್ಟರ ಹತ್ತಿರ ಹೊರಟೆ. ನನ್ನ ಮೇಲೆ ಒಂದು ಕಣ್ಣಿರಲಿ ಎಂದು ಅತ್ತೆಯೂ ಬಂದರು.

ಡಾಕ್ಟರು ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು.

"ಮಂಗನ ಕಾಯಿಲೆ ಅಲ್ಲ ಕಣ್ರೀ. ಇದರ ಹೃದಯ ಸೋತಿದೆ. ಜಾಸ್ತಿ ಹಿಗ್ಗಿದ್ರೆ ಒಂದು ಗಳಿಗೆ ನಿಂತುಬಿಡುತ್ತೆ. ತಾನಾಗೇ ಮತ್ತೆ ಶುರುವಾದ್ರೆ ಏಳುತ್ತೆ. ಆಗದಿದ್ರೆ ಯಾರೂ ಏನೂ ಮಾಡೋ ಹಾಗಿಲ್ಲ."

"ಔಷಧಿ?" ಎಂದೆ.

"ಹಿಗ್ಗೋಕೆ ಬಿಡಬೇಡಿ. ಅದೇ ಔಷಧಿ."

"ತಾನಾಗೇ ಏಳತೈತಂತ! ಊದಿದಾಕಿ ನಾನು!" ಎಂದು ಅತ್ತೆ ದಾರಿಯುದ್ದಕ್ಕೂ ಗೊಣಗಿದರು.

ನಾಯಿಯನ್ನು ಹಿಗ್ಗಲು ಬಿಡಬಾರದೆಂದು ನಮ್ಮ ಮನೆಯಲ್ಲಿ ದೊಡ್ಡ ನಾಟಕವೇ ಶುರುವಾಯಿತು. ತವರಿನಿಂದ ಬರುವಾಗ ನಾನು ಒಂದು ಮೈಲಿ ಹಿಂದೆಯೇ ಬಸ್ಸಿಳಿದು, ಗದ್ದೆಯ ಬದುವಿನ ಮೇಲೆ ನಡೆದು, ಹಿತ್ತಿಲ ಬಾಗಿಲಿನಿಂದ ಒಳಸೇರಿ, ಊರಿಗೆ ಹೋಗಿಯೇ ಇರದವಳಂತೆ ಮಜ್ಜಿಗೆ ಕಡೆಯುತ್ತ ಕೂರುತ್ತಿದ್ದೆ. ನಾಯಿ ಬಂದು ಮೂಸಿ, ಅನುಮಾನದಿಂದ ಎರಡು ಸಲ ಬಾಲ ಆಡಿಸಿ, ಕಾಲ ಬಳಿ ಮಲಗುತ್ತಿತ್ತು. ಅದರ ತಲೆ ಸವರಲು ಕೈ ತುಡಿಯುತ್ತಿತ್ತು, ತಡೆದುಕೊಳ್ಳುತ್ತಿದ್ದೆ. ತಿಂಗಳುಗಟ್ಟಲೆ ಹೊರಗಿದ್ದ ಗಂಡ ಕೂಡ ತಮ್ಮ ಮನೆಗೇ ಕಳ್ಳನ ಹಾಗೆ ನುಗ್ಗುತ್ತಿದ್ದರು. ಅತ್ತೆ ಮಾತ್ರ ನಮ್ಮನ್ನು ನೋಡಿ ನಗುತ್ತಿದ್ದರು.

"ಬಿದ್ರ ಬೀಳ್ಲಿ, ನಾನಿಲ್ಲೇನು?"

ಅವರು ಒಂದು ರಾತ್ರಿಯೂ ಮನೆ ಬಿಟ್ಟು ಇದ್ದವರಲ್ಲ. ನಾಟಕವಾಡುವ ಸರದಿ ಅವರಿಗೆ ಬಂದೇ ಇರಲಿಲ್ಲ.

ಬಂದಿದ್ದು ನನಗೆ ಮಗುವಾದಾಗ. ಮೊಮ್ಮಗಳನ್ನು ನೋಡಲು ನನ್ನ ತವರಿಗೆ ಬಂದವರು, ಮಗುವಿಗೆ ನೆಗಡಿಯಾಯಿತೆಂದು ಹದಿನೈದು ದಿನ ಉಳಿದು, ನಮ್ಮನ್ನು ಕರೆದುಕೊಂಡೇ ಹೊರಟರು. ಒಂದು ಮೈಲಿ ಹಿಂದೆ ಇಳಿದೆವು. ಮಾತಾಡಬೇಡಿ ಅತ್ತೆ, ಸುಮ್ಮನೆ ಒಲೆ ಮುಂದೆ ಕೂತುಬಿಡಿ ಎಂದು ಬದುವಿನುದ್ದಕ್ಕೂ ಹೇಳಿದೆ. ಹೂಂ ಹೂಂ ಎಂದರು. ಮಗು ಅವರ ಕೈಯಲ್ಲಿತ್ತು. ಹಿತ್ತಿಲ ಬಾಗಿಲು ದಾಟಿದ್ದೇ ತಡ, ಪ್ರತಿದಿನ ಹೊಲದಿಂದ ಬಂದಾಗ ನಾಯಿಯನ್ನು ಕೇಳುವ ಮಾತು ಅವರಿಗೇ ಗೊತ್ತಿಲ್ಲದೆ ಬಾಯಿಂದ ಹೊರಬಿತ್ತು.

"ಉಂಡೇನಲೇ, ಮಗನ?"

ನಾಯಿ ಕಟ್ಟೆಯಿಂದ ಹಾರಿ, ಕುಂಯ್‌ಗುಟ್ಟುತ್ತ ನಡುಮನೆ ದಾಟಿ ಓಡಿ ಬಂತು. ಅವರ ಸುತ್ತ ಎರಡು ಸುತ್ತು ತಿರುಗಿತು. ಮೂರನೆಯದಕ್ಕೆ ಬಿತ್ತು.

ಅತ್ತೆ ಮಗುವನ್ನು ಒಳಗಿನಿಂದ ಬಂದ ಮಾವನ ಕೈಗಿಟ್ಟು ಕೆಳಗೆ ಕೂತರು. ಹೇಳಿಸಿಕೊಳ್ಳದೆ ನಾನು ಹಿಂಗಾಲು ಹಿಡಿದೆ. ಅವರು ಊದಿದರು, ಒಣಹುಲ್ಲಿನಿಂದ ತಿಕ್ಕಿದರು. ಈ ಸಲ ಬೈಯಲಿಲ್ಲ. ನನ್ನ ತೋಳುಗಳು ಸೋತುಹೋದವು.

"ಸಾಕು ಬಿಡು," ಎಂದರು ಮಾವ, ಮಗುವನ್ನು ತಟ್ಟುತ್ತ.

ಅತ್ತೆ ತಲೆಯೆತ್ತಿ ನನ್ನನ್ನು ಕೇಳಿದರು. "ಆ ಡಾಕ್ಟ್ರು ಹೇಳಿದ್ದು ಖರೇ ಏನು? ಮೊದಲೆಲ್ಲ ಎದ್ದಿದ್ದು ನಾನು ಊದಿದ್ದಕ್ಕಲ್ಲೇನು?"

ಎರಡು ವರ್ಷದಿಂದ ಇದೇ ವಿಷಯಕ್ಕೆ ಅವರೊಡನೆ ವಾದ ಮಾಡಿದವಳು ನಾನು. ಆದರೆ ಆ ಮುಖ ನೋಡಿ ವಾದಕ್ಕೆ ಮನಸ್ಸು ಬರಲಿಲ್ಲ.

"ನೀವು ಊದಿದ್ದಕ್ಕೇ ಎದ್ದಿದ್ದು ಅತ್ತೆ," ಎಂದೆ, ಸಮಾಧಾನವಾಗಲಿ ಎಂದು.

ಅವರು ಕೈಯಲ್ಲಿದ್ದ ಹುಲ್ಲನ್ನು ನೋಡಿದರು.

"ಹಂಗಾದ್ರ ಇವತ್ತು ನಾನೇ ಸರಿಯಾಗಿ ಊದ್ಲಿಲ್ಲ," ಎಂದು ಮತ್ತೆ ಬಗ್ಗಿ ಅದರ ಮೂಗಿಗೆ ಬಾಯಿಟ್ಟರು.