ಅಕ್ಕಾರು ಕಾದಿಟ್ಟ ಜಾಗ

ಮೌಸ್ ಹಿಡಿದ ಅವರ ಬಲಗೈಯ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರು ಹಚ್ಚೆ ಇತ್ತು. ಚುಕ್ಕಿ, ಬಳ್ಳಿ, ನಡುವೆ ಒಂದು ತುಳಸಿಕಟ್ಟೆ. ಅಂಥ ಕೈಗಳು ಧಾರವಾಡದ ಸಂತೆಯಲ್ಲಿ ಕಾಯಿಪಲ್ಯೆ ತೂಗುವುದನ್ನು ಕಂಡಿದ್ದೆ. ಒಂದು ಕಂಪನಿಯ ಕಂಪ್ಯೂಟರುಗಳನ್ನೆಲ್ಲ ನಡೆಸುವುದನ್ನು ಕಂಡಿರಲಿಲ್ಲ. ನಾಸಿಕ್‌ನಲ್ಲಿ ಕೆಲಸಕ್ಕೆ ಸೇರಿದ ದಿನ ಆ ಕೈಯನ್ನೇ ನೋಡುತ್ತ ನಿಂತುಬಿಟ್ಟಿದ್ದೆ. ಅವರು ತಲೆ ಎತ್ತಲಿಲ್ಲ.

"ಹಚ್ಚಿ ಆಮ್ಯಾಲ ನೋಡೀರಂತ. ಮೊದಲ ನಿಮ್ಮ ಪಾಸ್‌ವರ್ಡ್ ಹಾಕ್ರಿ" ಅಂದರು.

ಅಪ್ಪಟ ವಿಜಾಪುರದ ಕನ್ನಡ. ನನ್ನ ಜೀವ ಹಿಗ್ಗಿತು. ಆ ದಿನದಿಂದಲೇ ಅವರು ನನಗೆ ಅಕ್ಕಾರು, ನಾನು ಅವರಿಗೆ ತಂಗಿ.

ವಾಹನಗಳ ಬಿಡಿಭಾಗ ಮಾಡುವ ಸಣ್ಣ ಕಂಪನಿ ಅದು. ಆಫೀಸು ನಾಸಿಕ್‌ನಲ್ಲಿ, ಕಾರ್ಖಾನೆ ಶೇಂದ್ರಾದಲ್ಲಿ, ಅಂದರೆ ಆಗಿನ ಔರಂಗಾಬಾದ್, ಈಗಿನ ಛತ್ರಪತಿ ಸಂಭಾಜಿನಗರದ ಪಕ್ಕದಲ್ಲಿ. ತಯಾರಾದ ಮಾಲಿನ, ಕಾರ್ಖಾನೆಯವರು ಕಳಿಸಿದ ಅಳತೆ ನಕ್ಷೆಗೆ ಹೊಂದುತ್ತದೆಯೇ ಎಂದು ನೋಡಿ ತಪಾಸಣಾ ಪತ್ರ ಮಾಡುವುದು ನನ್ನ ಕೆಲಸ. ಆ ಪತ್ರವಿಲ್ಲದೆ ಟ್ರಕ್ ಗೇಟು ದಾಟುವಂತಿರಲಿಲ್ಲ.

ನನ್ನದೂ ಒಂದು ಕಥೆ ಇದೆ, ಹೇಳದಿದ್ದರೆ ಅಕ್ಕಾರು ಅರ್ಥವಾಗುವುದಿಲ್ಲ. ನನ್ನ ಗಂಡ ಬ್ಯಾಂಕಿನವರು. ಅವರಿಗೆ ವರ್ಗ ಆದಾಗಲೆಲ್ಲ ಬಡ್ತಿಯ ಮಾತು, ಸಿಹಿ ಹಂಚಾಟ. ನನಗೆ ಮಾತ್ರ ರಾಜೀನಾಮೆ. ಸೊಲ್ಲಾಪುರದಲ್ಲಿ ಬಿಟ್ಟೆ, ಸಾಂಗಲಿಯಲ್ಲಿ ಬಿಟ್ಟೆ. ಪ್ರತಿ ಊರಿನಲ್ಲೂ ನಾನು ಹೊಸಬಳು, ಎಲ್ಲರಿಗಿಂತ ಕೆಳಗಿನವಳು. ಬೀಳ್ಕೊಡುವಾಗ ಕೊಟ್ಟ ಗೋಡೆ ಗಡಿಯಾರಗಳೇ ಮನೆ ತುಂಬ ಇದ್ದವು. ಅವುಗಳ ಸದ್ದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಸೇರಿದ ಸ್ವಲ್ಪ ದಿನಕ್ಕೇ ಅಕ್ಕಾರು ಮಾಲೀಕರ ಜೊತೆ ಹಟ ಹಿಡಿದು ಕ್ಲೌಡ್ ಡೆಸ್ಕ್‌ಟಾಪ್ ತರಿಸಿದರು. ಹಳೆಯ ನಕ್ಷೆ ಒಂದು ಕಡೆ, ತಿದ್ದಿದ ನಕ್ಷೆ ಇನ್ನೊಂದು ಕಡೆ ಉಳಿದು ಶೇಂದ್ರಾದಲ್ಲಿ ಮಾಲು ಹಾಳಾಗಿತ್ತು, ಅದೇ ನೆಪ. ದೊಡ್ಡ ಕಂಪ್ಯೂಟರುಗಳು ಹೋದವು. ಸ್ಕ್ರೀನಿನ ಹಿಂದೆ ಅಂಗೈಯಗಲದ ಒಂದೊಂದು ಡಬ್ಬಿ ಬಂತು. ನಮ್ಮ ಫೈಲು, ನಮ್ಮ ನಕ್ಷೆ, ನಮ್ಮ ಕೆಲಸವೆಲ್ಲ ಎಲ್ಲೋ ದೂರದ ಸರ್ವರಿನಲ್ಲಿ. ನಮ್ಮೆದುರು ಬರುವುದು ಅದರ ನೋಟ ಮಾತ್ರ. ನನಗೆ ಅದು ತಲೆಗೇ ಹತ್ತಲಿಲ್ಲ.

"ನಿಮ್ಮ ಮನ್ಯಾಗ ಗಿರಣಿ ಅದನೇನು?" ಅಂದರು ಅಕ್ಕಾರು.

"ಇಲ್ರೀ."

"ಹಿಟ್ಟು ಬರತದ ಹೌದಿಲ್ಲೊ? ಹಂಗ ಇದು. ಗಿರಣಿ ಅಲ್ಲೆ ತಿರಗ್ತದ, ಹಿಟ್ಟು ನೀ ಇದ್ದಲ್ಲಿ ಬರತದ."

ಅವರ ಒಂದು ಪದ್ಧತಿ ನಮಗೆಲ್ಲ ವಿಚಿತ್ರ. ಸಂಜೆ ಮನೆಗೆ ಹೋಗುವಾಗ ಫೈಲು ಉಳಿಸಿ, ಆದರೆ ಏನನ್ನೂ ಮುಚ್ಚಬೇಡಿ, ಸಂಪರ್ಕ ಮಾತ್ರ ಬಿಡಿಸಿ ಎದ್ದು ಹೋಗಿ ಅನ್ನುತ್ತಿದ್ದರು. ಮರುದಿನ ಲಾಗಿನ್ ಆದರೆ ಅರ್ಧ ಬರೆದ ಸಾಲು ಅರ್ಧದಲ್ಲೇ ನಿಂತು ಕಾಯುತ್ತಿತ್ತು. "ಕೆಲಸಾನ ದಿನಾ ಗಂಟು ಕಟ್ಟಿ ದಿನಾ ಬಿಚ್ಚಬಾರದು, ತಂಗಿ" ಅನ್ನುತ್ತಿದ್ದರು. ಈ ಗಂಟಿನ ಮಾತು ಎಲ್ಲಿಂದ ಬಂತೆಂದು ನಾನಾಗ ಕೇಳಲಿಲ್ಲ.

ಗಂಡನಿಗೆ ಔರಂಗಾಬಾದಿಗೆ ವರ್ಗವಾಯಿತು. ನಾನು ರೂಢಿಯಂತೆ ರಾಜೀನಾಮೆ ಬರೆದು ಅಕ್ಕಾರ ಮುಂದಿಟ್ಟೆ. ಅವರು ಓದಿದರು, ಅದರ ಮೇಲೆ ತಮ್ಮ ಊಟದ ಡಬ್ಬಿ ಇಟ್ಟರು.

"ವರ್ಗ ಯಾರಿಗಾತು?"

"ನಮ್ಮನಿಯವ್ರಿಗೆ."

"ಮತ್ತ ರಾಜೀನಾಮಿ ನೀ ಯಾಕ ಕೊಡಾಕತ್ತಿ?"

ಇಷ್ಟು ವರ್ಷದಲ್ಲಿ ಯಾರೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಅವರ ಮುಂದೆ ಕೂತು ಅತ್ತೆ.

ಔರಂಗಾಬಾದಿನ ಮನೆಯಿಂದಲೇ ನಾನು ಕೆಲಸ ಮಾಡಲಿ ಎಂದು ಅಕ್ಕಾರು ಕೇಳಿದರೆ ಮಾಲೀಕರು ಒಪ್ಪಲಿಲ್ಲ. ಕೆಟ್ಟ ಮನುಷ್ಯರಲ್ಲ, ಹಳೆಯ ಕಾಲದವರು. "ಕಣ್ಣಿಗೆ ಕಾಣದವರು ಕೆಲಸ ಮಾಡ್ತಾರೆ ಅಂತ ಹೇಗೆ ನಂಬಲಿ?" ಎಂದು ಮರಾಠಿಯಲ್ಲಿ ಕೇಳಿದರು. ಅಕ್ಕಾರು ವಾದ ಬೆಳೆಸಲಿಲ್ಲ. ದಸರೆಯವರೆಗೆ ನೋಡಿ, ಕೆಲಸ ನಿಂತರೆ ನಾನೇ ಆಕೆಯನ್ನು ಬಿಡಿಸುತ್ತೇನೆ ಅಂದರು. ಹೀಗೆ ನನ್ನ ನೌಕರಿಗೆ ಗಡುವು ಬಿತ್ತು.

ಹೊಸ ಮನೆಯಲ್ಲಿ ಮೊದಲ ಬೆಳಿಗ್ಗೆ ಸಾಮಾನಿನ ಪೆಟ್ಟಿಗೆಯೊಂದರ ಮೇಲೆ ಅಕ್ಕಾರು ಕೊಟ್ಟ ಬೇರೊಂದು ಡಬ್ಬಿ, ಸ್ಕ್ರೀನ್ ಇಟ್ಟು ಲಾಗಿನ್ ಆದೆ. ನಾಸಿಕ್‌ನಲ್ಲಿ ಬಿಟ್ಟುಬಂದ ಸಾಲು ಎದುರಿಗೆ ಬಂತು, ಕರ್ಸರು ಅದೇ ಅಕ್ಷರದ ಪಕ್ಕದಲ್ಲಿ ಮಿಣಮಿಣ ಅನ್ನುತ್ತಿತ್ತು. ಪಾತ್ರೆಗಳಿನ್ನೂ ಗೋಣಿಚೀಲದಲ್ಲಿ, ಗ್ಯಾಸಿನ ಸಂಪರ್ಕವಿಲ್ಲ, ಆದರೆ ನನ್ನ ಕೆಲಸ ನನಗಿಂತ ಮೊದಲೇ ಬಂದು ಕೂತಿದೆ. ದೇವರ ಮನೆಯೂ ಇನ್ನೂ ಜೋಡಿಸಿರಲಿಲ್ಲ, ಹಾಗಾಗಿ ಆ ಸ್ಕ್ರೀನಿಗೇ ಕೈಮುಗಿದೆ.

ಅತ್ತ ನಾಸಿಕ್‌ನಲ್ಲಿ ಅಕ್ಕಾರು ನನ್ನ ಕುರ್ಚಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಚಹಾ ಬಂದಾಗ ನನ್ನ ಮೇಜಿನ ಮೇಲೂ ಒಂದು ಕಪ್ಪು ಇಡಿಸುತ್ತಿದ್ದರಂತೆ. "ಆಕಿ ಹಾಜರ ಅದಾಳ" ಅನ್ನುವುದು, ಅದು ಆರುವ ಮೊದಲು ತಾವೇ ಕುಡಿಯುವುದು. ಮಾಲೀಕರು ನೋಡಿ ನಕ್ಕು ಹೋಗುತ್ತಿದ್ದರಂತೆ. ಆದರೆ ದಸರೆ ಹತ್ತಿರ ಬರುತ್ತಿತ್ತು.

ಖಂಡೇನವಮಿಯ ದಿನ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಆದರೆ ಎಲ್ಲರೂ ಹೇಳಿ ಹೇಳಿ ಕಂಡಂತೆಯೇ ಆಗಿದೆ. ಆಯುಧಗಳಿಗೆ ಪೂಜೆಯಾದ ಮೇಲೆ ಮರುದಿನದವರೆಗೆ ಅವನ್ನು ಮುಟ್ಟಬಾರದು. ನಮ್ಮ ಆಫೀಸಿನಲ್ಲಿ ಆಯುಧ ಅಂದರೆ ಆ ಡಬ್ಬಿಗಳೇ. ವಯಸ್ಸಾದ ಸಿಪಾಯಿ ಒಂದೊಂದಕ್ಕೂ ಕುಂಕುಮ ಹಚ್ಚಿ, ಚೆಂಡುಹೂವಿಟ್ಟು, ಪ್ಲಗ್ ಕಿತ್ತು ಬರುತ್ತಿದ್ದರು. ನನ್ನ ಖಾಲಿ ಮೇಜಿನ ಡಬ್ಬಿಗೂ ಹಚ್ಚಿದರು, ಅದರ ಪ್ಲಗ್ಗನ್ನೂ ಕಿತ್ತರು. ಅಷ್ಟರಲ್ಲಿ ಶೇಂದ್ರಾದಿಂದ ಫೋನು: ಟ್ರಕ್ ತುಂಬಿ ನಿಂತಿದೆ, ಇನ್ನೂ ತಪಾಸಣಾ ಪತ್ರ ಬಂದಿಲ್ಲ.

ಮಾಲೀಕರ ಕೈಯಲ್ಲಿ ತೆಂಗಿನಕಾಯಿ ಹಾಗೇ ಉಳಿಯಿತು. ಔರಂಗಾಬಾದ್ ಮ್ಯಾಡಮ್ ಡಬ್ಬಿಯ ಪ್ಲಗ್ ಯಾಕೆ ಕಿತ್ತೆ, ಆಕೆಯ ಕೆಲಸವೆಲ್ಲ ಹೋಯಿತಲ್ಲ ಎಂದು ಕೂಗಾಡಿದರು. ತಿರುಗಿ ಹಾಕು ಅಂದರೆ ಸಿಪಾಯಿ ಒಲ್ಲೆನೆಂದರು: ಪೂಜೆಯಾದದ್ದನ್ನು ಮುಟ್ಟಿ ಪಾಪ ಕಟ್ಟಿಕೊಳ್ಳಲೇ? ಕೊನೆಗೆ ಮಾಲೀಕರೇ ಬಗ್ಗಿ, ಆ ಡಬ್ಬಿಯ ಮುಂದೆ ಕೈಜೋಡಿಸಿ, ಕ್ಷಮಿಸು ತಾಯೀ ಅಂತ ಕಣ್ಣುಮುಚ್ಚಿದರು.

ಅಕ್ಕಾರು ನನಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ತಂಗಿ, ಏನ ಮಾಡಾಕತ್ತಿ?"

"ಈಗ ಶೇಂದ್ರಾಕ್ಕ ಪತ್ರ ಕಳಿಸಿದೆ ನೋಡ್ರಿ. ಯಾಕ್ರೀ?"

"ನಿನ್ನ ಸ್ಕ್ರೀನ್ ಬಂದ್ ಆತೇನು?"

"ಇಲ್ಲಲ್ರೀ. ಚಲೋ ನಡದದ."

ನನಗೋ ಗಾಬರಿ, ಏನು ತಪ್ಪಾಯಿತೋ ಎಂದು. ಆಮೇಲೆ ಮಾಲೀಕರ ದನಿ ಕೇಳಿಸಿತು, ಬಹಳ ಮೆತ್ತಗೆ: ಹಾಗಾದರೆ ಈ ಡಬ್ಬಿಯಲ್ಲಿ ಏನಿದೆ?

"ಏನೂ ಇಲ್ಲ ಸಾಹೇಬ" ಎಂದು ಅಕ್ಕಾರು ಮರಾಠಿಯಲ್ಲಿ ಅಂದರು, "ಅದು ಬರೀ ಬಾಗಿಲು. ಆಕೆ ಬೇರೆ ಬಾಗಿಲಿಂದ ಒಳಗೆ ಬಂದಿದ್ದಾಳೆ."

ಟ್ರಕ್ ಹೊರಟಿತು. ಮಾಲೀಕರು ಕಾಯಿ ಒಡೆದರು. ದಸರೆಯ ಗಡುವಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಗಂಟಿನ ವಿಷಯ ಅವರು ನನಗೆ ಹೇಳಿದ್ದು ಆಮೇಲೆ. ಅವರ ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ವಿಜಾಪುರದ ಕಡೆಯಿಂದ ಬಂದವರು. ಕಟ್ಟಡ ಮುಗಿದರೆ ತಗಡಿನ ಮನೆ ಕಿತ್ತು, ಗಂಟು ಕಟ್ಟಿ ಮುಂದಿನ ಸೈಟಿಗೆ. "ಪ್ರತಿ ಸಾಲ್ಯಾಗ ನನ್ನ ಮತ್ತ ಹಿಂದಿನ ಪಾಠಕ್ಕ ಕುಂಡ್ರಸ್ತಿದ್ರು" ಅಂದರು. "ಬಂದದ್ದನ್ನ ಮತ್ತ ಮತ್ತ ಕಲಿಯೂದು ಭಾಳ ಬ್ಯಾಸರ, ತಂಗಿ. ನಿನಗ ಅದು ಬ್ಯಾಡಾಗಿತ್ತು." ಅಂಥ ಬಾಲ್ಯದಿಂದ ಎದ್ದು ಬಂದು, ಆ ಮಷೀನುಗಳನ್ನೆಲ್ಲ ಅಂಗೈಯಲ್ಲಿಟ್ಟುಕೊಂಡ ಹೆಂಗಸನ್ನು ನೆನೆದರೆ ನನಗೆ ಇವತ್ತಿಗೂ ಬೆರಗು ಕಳೆದಿಲ್ಲ.

ಗಂಡನಿಗೆ ಆಮೇಲೂ ವರ್ಗಗಳಾದವು. ನಾನು ಮತ್ತೆ ರಾಜೀನಾಮೆ ಬರೆಯಲಿಲ್ಲ. ಅಕ್ಕಾರು ಒಂದೊಂದಾಗಿ ತಮ್ಮ ವಿದ್ಯೆಯನ್ನೆಲ್ಲ ನನಗೆ ದಾಟಿಸಿದರು. ಯಾಕಿಷ್ಟು ಅವಸರ ಎಂದರೆ ನಗುತ್ತಿದ್ದರು. ಹೊಟ್ಟೆಯ ಬೇನೆಯನ್ನು ಅವರು ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯ ಹಾಸಿಗೆಯಿಂದಲೂ ಕೆಲವು ದಿನ ಲಾಗಿನ್ ಆಗುತ್ತಿದ್ದರು. ಒಂದು ದಿನ ಆಗಲಿಲ್ಲ. ಅಂತ್ಯಕ್ರಿಯೆಗೆ ನಾಸಿಕ್‌ಗೆ ಹೋದೆ, ಮಾಲೀಕರು ಗೋದಾವರಿಯ ಘಾಟಿನಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದರು. ಅಕ್ಕಾರ ಕೆಲಸ ನನಗೆ ಬಂತು.

ಕಂಪನಿ ಬಿಟ್ಟವರ ಡೆಸ್ಕ್‌ಟಾಪನ್ನು ತಿಂಗಳ ಕೊನೆಗೆ ತೆಗೆದುಹಾಕಬೇಕೆಂಬುದು ಅಕ್ಕಾರೇ ಮಾಡಿದ ನಿಯಮ. ತಿಂಗಳ ಕೊನೆ ಬಂತು. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ನನ್ನ ಕೈ ನಿಂತಿತು. ನನ್ನ ಜಾಗ ಉಳಿಸಿದವರ ಜಾಗವನ್ನು ನಾನೇ ಅಳಿಸಬೇಕು. ಧೈರ್ಯ ಸಾಲದೆ ಮಾಲೀಕರಿಗೆ ಫೋನು ಮಾಡಿ ಅಪ್ಪಣೆ ಕೇಳಿದೆ.

"ರಾಹೂ ದ್ಯಾ, ಮ್ಯಾಡಮ್" ಅಂದರು, ಇರಲಿ ಬಿಡಿ ಎಂದು. "ಎಲ್ಲಿಂದಲೋ ಕೂತು ಕೆಲಸ ಮಾಡ್ತಿದ್ದಾರೆ ಅಂದುಕೊಳ್ಳೋಣ."

ನಾನು ಆ ಹೆಸರನ್ನು ಮುಟ್ಟದೆ ಕೆಳಗಿನ ಹೆಸರಿಗೆ ಹೋದೆ.